ಊಬು ಮುಳ್ಳಲ್ಲ

ಕಾರ್ತಿಕ ಮಾಸದಲ್ಲಿ ಮಂಡ್ಯ ಜಿಲ್ಲೆಯ ಮಳವಳ್ಳಿ ಸೀಮೆಯ ಬೆದ್ದಲಿನಲ್ಲಿ ಹತ್ತು ಹೆಜ್ಜೆ ನಡೆದರೆ ಸಾಕು, ಪಂಚೆಯ ಅಂಚಿಗೋ ಪ್ಯಾಂಟಿನ ಕಾಲಿಗೋ ಹತ್ತಾರು ಊಬುಗಳು ಚುಚ್ಚಿಕೊಂಡು ಮನೆಗೆ ಬರುತ್ತವೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆ ಭತ್ತ, ಕಬ್ಬು. ನಾಲೆ ಹತ್ತಲಾರದ ದಿಣ್ಣೆಗಳ ಮೇಲೆ ರಾಗಿ, ಹುರುಳಿ. ಹಲಗೂರಿನಾಚೆ ಮುತ್ತತ್ತಿಯ ಕುರುಚಲು ಕಾಡು. ಇವುಗಳ ನಡುವೆ ಎಲ್ಲೆಲ್ಲಿ ನೆಲ ಬಿಡುವಾಗಿ ಬಿದ್ದಿದೆಯೋ ಅಲ್ಲೆಲ್ಲ, ಅಂದರೆ ಹೊಲದ ಬದುವಿನ ಮೇಲೆ, ನಾಲೆಯ ಏರಿಯ ಇಳಿಜಾರಿನಲ್ಲಿ, ಗೋಮಾಳದಲ್ಲಿ, ಊರಿನ ಅಂಚಿನ ಬಡಾವಣೆಗಳ ಖಾಲಿ ಸೈಟುಗಳಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ ಊಬಿನ ಹುಲ್ಲು ಮೊಣಕಾಲು ದಾಟಿ ನಿಂತಿರುತ್ತದೆ. ಮನುಷ್ಯರಿಗೆ ಅದೊಂದು ಕಿರಿಕಿರಿ, ಅಷ್ಟೆ. ಜಗಲಿಯ ಮೇಲೆ ಕೂತು ಒಂದೊಂದನ್ನೇ ಕಿತ್ತೆಸೆದರೆ ಮುಗಿಯಿತು. ಅದೇ ದಾರಿಯಲ್ಲಿ ಜೊತೆಗೆ ಬಂದ ನಾಯಿಗೆ ಪಂಚೆಯಿಲ್ಲ. ಅದರ ಮೈಗೆ ಸಿಕ್ಕಿದ ಊಬು ಬೆರಳಸಂದಿಗೋ ಕಿವಿಗೋ ಮೂಗಿಗೋ ಸೇರಿರುತ್ತದೆ, ಕಿತ್ತೆಸೆಯಲು ಅದಕ್ಕೆ ಕೈಯೂ ಇಲ್ಲ. ನಾಯಿಯನ್ನು ಅಕ್ಕರೆಯಿಂದ ಸಾಕುವ ಮನೆಗಳಲ್ಲೂ ಈ ಒಂದು ವಿಷಯದಲ್ಲಿ ತಪ್ಪು ನಡೆಯುತ್ತದೆ. ಅದಕ್ಕೆ ಕಾರಣ ಅಲಕ್ಷ್ಯವಲ್ಲ, ಒಂದು ತಪ್ಪು ತಿಳಿವಳಿಕೆ ಎಂಬುದು ನನ್ನ ವಾದ. ಊಬನ್ನು ನಾವು ಮುಳ್ಳಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇವೆ.

ಮುಳ್ಳಿನ ವಿಷಯದಲ್ಲಿ ನಮ್ಮ ಹಳ್ಳಿಗಳ ಅನುಭವ ದೊಡ್ಡದು. ಉಡಿದಾರಕ್ಕೆ ಚಿಮಟ ಸಿಕ್ಕಿಸಿಕೊಂಡೇ ಹೊಲಕ್ಕೆ ಹೋಗುತ್ತಿದ್ದ ತಲೆಮಾರು ಇತ್ತು. ಜಾಲಿಮುಳ್ಳಾಗಲಿ ನೆಗ್ಗಿಲಾಗಲಿ ಚುಚ್ಚಿದ ಕಡೆಯೇ ನಿಲ್ಲುತ್ತದೆ. ತುದಿ ಮುರಿದು ಒಳಗೆ ಉಳಿದರೂ ನಾಲ್ಕು ದಿನದಲ್ಲಿ ಅಲ್ಲಿ ಕೀವು ಕಟ್ಟಿ, ಹಿಸುಕಿದಾಗ ಮುಳ್ಳಿನ ಚೂರು ಹೊರಬರುವುದುಂಟು. ಆದ್ದರಿಂದಲೇ ಮುಳ್ಳು ಚುಚ್ಚಿದರೆ ಅರಿಶಿನ ಮೆತ್ತಿ, ಕಾದು ನೋಡುವ ರೂಢಿ ಬೆಳೆದಿದೆ. ಮುಳ್ಳಿಗೆ ಆ ರೂಢಿ ತಪ್ಪೇನಲ್ಲ. ಊಬಿಗೆ ಅದನ್ನೇ ಅನ್ವಯಿಸಿದಾಗ ತಪ್ಪಾಗುತ್ತದೆ, ಏಕೆಂದರೆ ಊಬು ಚುಚ್ಚಿದ ಕಡೆ ನಿಲ್ಲುವ ವಸ್ತುವಲ್ಲ. ಕಾಯುವ ಒಂದೊಂದು ದಿನವೂ ಅದು ಪಯಣ ಮಾಡುವ ದಿನ.

ಇದು ಹೇಗೆ ಸಾಧ್ಯ ಎಂಬುದನ್ನು ಬೀಜದ ರಚನೆಯೇ ಹೇಳುತ್ತದೆ. ನಮ್ಮ ಕಡೆಯ ಊಬಿನ ಹುಲ್ಲುಗಳಲ್ಲಿ ಮುಖ್ಯವಾದುದಕ್ಕೆ ಸಸ್ಯವಿಜ್ಞಾನದಲ್ಲಿ ಹೆಟೆರೊಪೋಗನ್ ಕಾಂಟಾರ್ಟಸ್ ಎಂದು ಹೆಸರು. ಲಿನ್ನೇಯಸ್ 1753ರಲ್ಲೇ ಇದನ್ನು ದಾಖಲಿಸಿದ. ಕಾಂಟಾರ್ಟಸ್ ಎಂದರೆ ಹುರಿಗೊಂಡದ್ದು. ಹೆಸರಿಗೆ ತಕ್ಕಂತೆ, ಮಾಗಿದ ತೆನೆಯ ಬಾಲಗಳೆಲ್ಲ ಒಂದಕ್ಕೊಂದು ಹೆಣೆದು ಹಗ್ಗದಂತೆ ಹೊಸೆದುಕೊಂಡಿರುತ್ತವೆ. ಒಂದು ಬೀಜವನ್ನು ಬಿಡಿಸಿ ಅಂಗೈಯಲ್ಲಿಟ್ಟು ನೋಡಿದರೆ ಮೂರು ಭಾಗ ಕಾಣುತ್ತದೆ. ತಳದಲ್ಲಿ ಸೂಜಿಯಂಥ ಮೊನೆ. ಅದರ ಮೇಲೆ, ಮೊನೆಯಿಂದ ಹಿಂದಕ್ಕೆ ಬಾಗಿದ ಬಿರುಸು ರೋಮಗಳು. ಕೊನೆಗೆ 5ರಿಂದ 10 ಸೆಂಟಿಮೀಟರ್ ಉದ್ದದ ಕಂದು ಬಣ್ಣದ ಬಾಲ. ಈ ಬಾಲ ಒಣಗಿದಾಗ ಹುರಿಗೊಳ್ಳುತ್ತದೆ, ತೇವ ತಾಗಿದಾಗ ಹುರಿ ಬಿಚ್ಚುತ್ತದೆ. ಕಾರ್ತಿಕದ ರಾತ್ರಿಯ ಇಬ್ಬನಿಗೆ ಬಿಚ್ಚಿಕೊಂಡು, ಮಧ್ಯಾಹ್ನದ ಬಿಸಿಲಿಗೆ ಮತ್ತೆ ಹುರಿಗೊಂಡು, ಬಡಗಿಯ ಬೈರಿಗೆಯ ಹಾಗೆ ತಿರುಗುತ್ತ ಬೀಜವನ್ನು ಮಣ್ಣಿನೊಳಕ್ಕೆ ಕೊರೆದು ಇಳಿಸುತ್ತದೆ. ಹಿಂದಕ್ಕೆ ಬಾಗಿದ ರೋಮಗಳು ಇಳಿದದ್ದು ಮೇಲೆ ಬಾರದಂತೆ ತಡೆಯುತ್ತವೆ. ಚಾರ್ಲ್ಸ್ ಡಾರ್ವಿನ್ನನ ಮಗ ಫ್ರಾನ್ಸಿಸ್ ಡಾರ್ವಿನ್ 1876ರಲ್ಲಿ, ಇಂಥದ್ದೇ ಇನ್ನೊಂದು ಹುಲ್ಲಿನ ಬೀಜ ತನ್ನನ್ನು ತಾನೇ ಹೂತುಕೊಳ್ಳುವ ಬಗೆಯನ್ನು ವಿವರಿಸಿ ಪ್ರಬಂಧ ಪ್ರಕಟಿಸಿದ. ಕಾಳ್ಗಿಚ್ಚಿಗೆ, ಇರುವೆಗೆ, ಹಕ್ಕಿಗೆ ಸಿಗದೆ ಮುಂದಿನ ಮಳೆಯವರೆಗೆ ಉಳಿಯಬೇಕಾದ ಬೀಜಕ್ಕೆ ಇದು ಪ್ರಕೃತಿ ಕೊಟ್ಟ ಉಪಾಯ. ಹುಲ್ಲಿಗೆ ನಾಯಿಯ ಮೇಲೆ ಯಾವ ಹಗೆಯೂ ಇಲ್ಲ. ಆದರೆ ಮಣ್ಣಿಗೆಂದು ಮಾಡಿದ ಬೈರಿಗೆಗೆ ಮಣ್ಣು ಯಾವುದು, ಮಾಂಸ ಯಾವುದು ಎಂಬ ಭೇದ ತಿಳಿಯದು.

ನಾಯಿಯ ಮೈಯಲ್ಲಿ ಊಬು ಸಾಗಲು ಬಾಲ ತಿರುಗಲೇಬೇಕೆಂದಿಲ್ಲ. ಒಳಗೆ ಹೊಕ್ಕ ಮೇಲೆ ಬಾಲ ಸಾಮಾನ್ಯವಾಗಿ ಮುರಿದುಹೋಗುತ್ತದೆ, ಮೊನೆ ಮತ್ತು ರೋಮಗಳಿರುವ ತುಂಡು ಉಳಿಯುತ್ತದೆ. ಅದನ್ನು ಮುಂದಕ್ಕೆ ನೂಕುವ ಕೆಲಸವನ್ನು ನಾಯಿಯ ದೇಹವೇ ಮಾಡುತ್ತದೆ. ಹೆಜ್ಜೆಯಿಟ್ಟಾಗ ಪಾದದ ಸ್ನಾಯು ಅದುಮುತ್ತದೆ, ಉಸಿರಾಡಿದಾಗ ಎದೆ ಏರಿಳಿಯುತ್ತದೆ, ಕಿವಿ ಒದರಿದಾಗ ಕಿವಿನಾಳ ಅಲುಗುತ್ತದೆ. ಪ್ರತಿ ಅಲುಗಾಟಕ್ಕೂ ಊಬು ಒಂದು ಎಳೆಯಷ್ಟು ಮುಂದೆ ಜಾರುತ್ತದೆ, ರೋಮಗಳ ತಡೆಯಿಂದಾಗಿ ಹಿಂದಕ್ಕೆ ಬರಲಾರದು. ದೇಹ ಅದನ್ನು ಕರಗಿಸುವಂತೆಯೂ ಇಲ್ಲ. ಬೀಜದ ಹೊಟ್ಟು ಸೆಲ್ಯುಲೋಸ್ ಮತ್ತು ಸಿಲಿಕಾದಿಂದಾದದ್ದು; ಅದನ್ನು ಅರಗಿಸುವ ಕಿಣ್ವ ನಾಯಿಯ ಮಾಂಸಖಂಡದಲ್ಲಿಲ್ಲ. ಹಾಗಾಗಿ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದರೂ ಊಬು ಊಬಾಗಿಯೇ ಇರುತ್ತದೆ. ಅದು ಸಾಗಿದ ದಾರಿಯುದ್ದಕ್ಕೂ ಬಾಯಿಯ ಮತ್ತು ಮಣ್ಣಿನ ರೋಗಾಣುಗಳನ್ನು ಹೊತ್ತುಕೊಂಡು ಹೋಗಿರುವುದರಿಂದ ಕೀವಿನ ಒಂದು ಸುರಂಗ ತೆರೆದುಕೊಳ್ಳುತ್ತದೆ.

ಬೆರಳಸಂದಿಯಲ್ಲಿ ಹೊಕ್ಕ ಊಬಿನ ಕಥೆ ಬಹುಮಟ್ಟಿಗೆ ಒಂದೇ ತೆರ. ನಾಯಿ ಒಂದೇ ಪಾದವನ್ನು ಬಿಡದೆ ನೆಕ್ಕುತ್ತದೆ. ಎರಡು ಬೆರಳುಗಳ ನಡುವೆ ಕಡಲೆಕಾಳಿನಷ್ಟು ಕೆಂಪು ಗುಳ್ಳೆ ಏಳುತ್ತದೆ. ಉಣ್ಣಿ ಕಚ್ಚಿರಬೇಕು ಎಂದುಕೊಳ್ಳುತ್ತಾರೆ. ಗುಳ್ಳೆ ಒಡೆದು ತಿಳಿಗೀವು ಸೋರುತ್ತದೆ. ಔಷಧಿ ಅಂಗಡಿಯಿಂದ ಒಂದು ಆಂಟಿಬಯೋಟಿಕ್ ತಂದು ಐದು ದಿನ ಕೊಟ್ಟರೆ ಬಾವು ಇಳಿಯುತ್ತದೆ, ಮನೆಯವರು ನೆಮ್ಮದಿ ಪಡುತ್ತಾರೆ. ಮಾತ್ರೆ ನಿಲ್ಲಿಸಿದ ಹತ್ತು ಹದಿನೈದು ದಿನಕ್ಕೆ ಮತ್ತೆ ಬಾವು, ಈ ಸಲ ಸ್ವಲ್ಪ ಮೇಲೆ, ಮಣಿಕಟ್ಟಿನ ಹತ್ತಿರ. ಮಾತ್ರೆಯಿಂದ ರೋಗಾಣು ಸತ್ತಿದೆ, ಊಬು ಹಾಗೇ ಇದೆ. ವಾಸಿಯಾಗಿ ಮರುಕಳಿಸುವ, ಮರುಕಳಿಸುವಾಗ ಜಾಗ ಬದಲಿಸುವ ಗಾಯವನ್ನು ಕಂಡರೆ ಮೊದಲು ಊಬನ್ನೇ ಶಂಕಿಸಬೇಕು.

ಕಿವಿಯ ಸಂಗತಿ ಇನ್ನೂ ಸೂಕ್ಷ್ಮ. ಮನುಷ್ಯರ ಕಿವಿನಾಳ ಹೆಚ್ಚುಕಡಿಮೆ ನೇರವಾಗಿರುತ್ತದೆ. ನಾಯಿಯದು ಮೊದಲು ಕೆಳಕ್ಕೆ ಇಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಆ ತಿರುವಿನಾಚೆ ಸರಿದ ಊಬು ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೂ ಕಾಣುವುದಿಲ್ಲ. ಮುಂದೆ ಇರುವುದು ತಮಟೆ ಪೊರೆ. ವಾಕಿಂಗ್ ಮುಗಿಸಿ ಬಂದ ನಾಯಿ ಇದ್ದಕ್ಕಿದ್ದಂತೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕಿವಿ ಬಡಿಯತೊಡಗಿದರೆ, ಮುಟ್ಟಲು ಹೋದಾಗ ಕುಂಯ್ಗುಟ್ಟಿದರೆ, ನಮ್ಮಲ್ಲಿ ಮೊದಲು ಕೈ ಹೋಗುವುದು ಎಣ್ಣೆಯ ಬಟ್ಟಲಿಗೆ. ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಟ್ಟರೆ ಹುಳುವೋ ಇರುವೆಯೋ ಸತ್ತು ಹೊರಬರಬಹುದು, ಊಬು ಮಾತ್ರ ಹೊರಬರುವುದಿಲ್ಲ. ತಮಟೆ ಆಗಲೇ ಹರಿದಿದ್ದರೆ ಎಣ್ಣೆ ನಡುಗಿವಿಗೂ ಇಳಿದು ತೊಂದರೆ ದುಪ್ಪಟ್ಟಾಗುತ್ತದೆ. ಹತ್ತಿಕಡ್ಡಿ ಹಾಕಿ ತಿರುವುವುದು ಅದಕ್ಕಿಂತ ಕೇಡು. ಕಣ್ಣಿನಲ್ಲೂ ಹೀಗೆಯೇ. ನಾಯಿಗೆ ನಮಗಿಲ್ಲದ ಮೂರನೆಯ ರೆಪ್ಪೆಯೊಂದಿದೆ. ಅದರ ಹಿಂದೆ ಅವಿತ ಊಬು ರೆಪ್ಪೆ ಬಡಿದಾಗಲೆಲ್ಲ ಕಣ್ಣಿನ ಪಾರದರ್ಶಕ ಪೊರೆಯನ್ನು ಗೀರುತ್ತದೆ. ಒಂದೇ ಕಣ್ಣು ಮುಚ್ಚಿ ನೀರು ಸುರಿಸುವ ನಾಯಿಯನ್ನು ಮರುದಿನಕ್ಕೆ ಬಿಡಬಾರದು.

ಎಲ್ಲಕ್ಕಿಂತ ಅಪಾಯದ್ದು ಉಸಿರಿನ ದಾರಿ. ನಾಯಿ ಲೋಕವನ್ನು ತಿಳಿಯುವುದೇ ಮೂಗಿನಿಂದ, ಆದ್ದರಿಂದ ಅದು ಹುಲ್ಲಿನ ಬುಡಕ್ಕೆ ಮೂಗು ಹಾಕದೆ ಇರಲಾರದು. ಮೂಗಿಗೆ ಊಬು ಹೋದರೆ ಒಂದರ ಹಿಂದೊಂದು ರಭಸದ ಸೀನು, ಮೂತಿಯನ್ನು ನೆಲಕ್ಕೆ ಉಜ್ಜುವುದು, ಒಂದೇ ಹೊಳ್ಳೆಯಲ್ಲಿ ರಕ್ತ. ಸ್ವಲ್ಪ ಹೊತ್ತಿಗೆ ಸೀನು ನಿಂತರೆ ಮನೆಯವರು ಊಬು ಹೊರಬಿತ್ತು ಎಂದುಕೊಳ್ಳುತ್ತಾರೆ. ಅದು ಇನ್ನೂ ಒಳಕ್ಕೆ ಸರಿದಿರುವ ಸಾಧ್ಯತೆಯೂ ಅಷ್ಟೇ ಇದೆ. ಬಾಯಿ ತೆರೆದು ಓಡುವ ನಾಯಿ ಊಬನ್ನು ನೇರ ಶ್ವಾಸನಾಳಕ್ಕೆ ಎಳೆದುಕೊಳ್ಳುವುದುಂಟು. ಅಲ್ಲಿಂದ ಅದು ಶ್ವಾಸಕೋಶದ ಅಂಚು ದಾಟಿ ಎದೆಗೂಡಿಗೆ ಬಂದರೆ ಎದೆಯಲ್ಲಿ ಕೀವು ತುಂಬುತ್ತದೆ. ಬಾಯಿಯಲ್ಲಿ ತಣ್ಣಗೆ ವಾಸಿಸುವ ಆಕ್ಟಿನೊಮೈಸಿಸ್ ಎಂಬ ರೋಗಾಣು ಇಂಥ ಕೀವಿನಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಇನ್ನೂ ಹಿಂದಕ್ಕೆ ಸರಿದ ಊಬು, ವಪೆ ಬೆನ್ನೆಲುಬಿಗೆ ಅಂಟಿಕೊಳ್ಳುವ ಸೊಂಟದ ಮೊದಲ ಕೆಲವು ಮಣಿಗಳ ಬಳಿ ನೆಲೆಸಿ ಮೂಳೆಯಲ್ಲೇ ಸೋಂಕು ಹುಟ್ಟಿಸಿದ ಪ್ರಕರಣಗಳು ಪಶುವೈದ್ಯಕೀಯ ಸಾಹಿತ್ಯದಲ್ಲಿ ಸಾಕಷ್ಟಿವೆ. ಎಕ್ಸರೇ ತೆಗೆದರೆ ಸಾಲದೇ ಎಂದು ಕೇಳಬಹುದು. ಊಬಿನ ಸಾಂದ್ರತೆ ಮಾಂಸದ್ದಕ್ಕೆ ಹತ್ತಿರವಾದ್ದರಿಂದ ಎಕ್ಸರೇಯಲ್ಲಿ ಅದು ಮೂಡುವುದಿಲ್ಲ, ಕೀವಿನ ನೆರಳಷ್ಟೇ ಕಾಣುತ್ತದೆ. ಹುಡುಕಲು ಅಲ್ಟ್ರಾಸೌಂಡ್, ಸಿ.ಟಿ. ಸ್ಕ್ಯಾನ್, ಎಂಡೋಸ್ಕೋಪ್ ಬೇಕು. ಹಳ್ಳಿಯ ಪಶು ಚಿಕಿತ್ಸಾಲಯದಲ್ಲಿ ಇವೆಲ್ಲ ಇರಲೆಂದು ಬಯಸುವುದು ಸರಿ, ಇರುತ್ತವೆಂದು ನಂಬಿ ಕೂರುವುದು ಸರಿಯಲ್ಲ.

ಇಷ್ಟು ಓದಿದ ಮೇಲೆ ಒಂದು ಸಂದೇಹ ನ್ಯಾಯವಾಗಿಯೇ ಏಳುತ್ತದೆ. ಇದು ಅಮೆರಿಕದ ನಾಯಿ ಸಾಕುವವರ ಭಯವಲ್ಲವೇ? ಅಲ್ಲಿನ ಬರಹಗಳೆಲ್ಲ ಹೇಳುವುದು ನರಿಬಾಲದಂಥ ತೆನೆಯಿರುವ ಕಾಡುಬಾರ್ಲಿಯ ಬಗ್ಗೆ. ಅದು ನಮ್ಮ ಬಯಲುಸೀಮೆಯ ಹುಲ್ಲಲ್ಲ. ಹೌದು, ಆ ಹುಲ್ಲು ಇಲ್ಲಿ ಬೆಳೆಯುವುದಿಲ್ಲ, ಕ್ಯಾಲಿಫೋರ್ನಿಯಾದ ಪ್ರಕರಣಗಳ ಎಣಿಕೆಯನ್ನು ತಂದು ಮಂಡ್ಯದ ಮೇಲೆ ಹೊದಿಸುವುದೂ ಸಲ್ಲದು. ಆದರೆ ಅಪಾಯ ಇರುವುದು ಹುಲ್ಲಿನ ಹೆಸರಿನಲ್ಲಲ್ಲ, ಚೂಪು ಮೊನೆ ಮತ್ತು ಹಿಂಬಾಗಿದ ರೋಮ ಎಂಬ ಜೋಡಿಯಲ್ಲಿ. ಆ ಜೋಡಿ ನಮ್ಮ ಊಬಿನಲ್ಲಿ ಬಲವಾಗಿಯೇ ಇದೆ. ಅದರ ಸಾಕ್ಷ್ಯಕ್ಕೆ ನಾಯಿಯನ್ನು ಬಿಟ್ಟು ಕುರಿಯನ್ನು ನೋಡಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನಮ್ಮದೇ ಈ ಹೆಟೆರೊಪೋಗನ್ ಹುಲ್ಲು ಲಕ್ಷಾಂತರ ಎಕರೆಗಳಲ್ಲಿದೆ. ಬೀಜ ಉಣ್ಣೆಯ ಮೂಲಕ ಚರ್ಮಕ್ಕೂ ಚರ್ಮದ ಮೂಲಕ ಮಾಂಸಕ್ಕೂ ಇಳಿದು ಕುರಿಗಳನ್ನು ಬಾಧಿಸಿದ್ದರಿಂದ ಅಲ್ಲಿನ ಎಷ್ಟೋ ಕಡೆ ಸಾಕಣೆಗಾರರು ಕುರಿ ಬಿಟ್ಟು ದನಕ್ಕೆ ಹೊರಳಿದರು. ಇನ್ನು ಮಳವಳ್ಳಿಯಂತೂ ಕುರಿಯ ಹೆಸರಿಗೇ ಪ್ರಸಿದ್ಧವಾದ ತಾಲ್ಲೂಕು. ಬಂಡೂರು ಎಂಬ ಊರಿನ ಹೆಸರು ಹೊತ್ತ ಕುರಿತಳಿ ಇಲ್ಲಿಯದೇ. ಹುಲ್ಲು ಊಬು ಬಿಟ್ಟಿರುವ ದಿಣ್ಣೆಗೆ ಮಂದೆ ಹೊಡೆದರೆ ಕುರಿಯ ಬಾಯಿ, ಕಣ್ಣು ಕೆಡುತ್ತವೆ ಎಂಬುದು ಕುರಿ ಮೇಯಿಸುವವರಿಗೆ ಹೊಸ ಸುದ್ದಿಯಲ್ಲ. ಅದೇ ದಿಣ್ಣೆಯಲ್ಲಿ ಮಂದೆಯ ಹಿಂದೆ ಓಡುವ ನಾಯಿಯ ಚರ್ಮ ಕುರಿಯ ಚರ್ಮಕ್ಕಿಂತ ಗಟ್ಟಿಯೇನಲ್ಲ.

ಎರಡನೆಯ ಆಕ್ಷೇಪ ಇನ್ನೂ ಹತ್ತಿರದ್ದು. ಬೀದಿನಾಯಿಗಳು, ತೋಟದ ಮನೆಯ ನಾಯಿಗಳು ಹುಟ್ಟಿದಂದಿನಿಂದ ಹುಲ್ಲಿನಲ್ಲೇ ಹೊರಳುತ್ತವೆ, ಅವಕ್ಕೇನೂ ಆಗಿಲ್ಲವಲ್ಲ? ಇದರಲ್ಲಿ ಅರ್ಧ ಸತ್ಯವಿದೆ. ನಮ್ಮ ನಾಡನಾಯಿಯ ತುಪ್ಪಳ ಗಿಡ್ಡ, ಬೆರಳಸಂದಿನಲ್ಲಿ ಕೂದಲು ಕಡಿಮೆ, ಕಿವಿ ನಿಗುರಿ ನಿಂತಿರುತ್ತದೆ. ಪೊಮೆರೇನಿಯನ್, ಗೋಲ್ಡನ್ ರಿಟ್ರೀವರ್, ಕಾಕರ್ ಸ್ಪ್ಯಾನಿಯಲ್, ಶಿಟ್ಸೂ ಮೊದಲಾದ ಉದ್ದ ಕೂದಲಿನ ತಳಿಗಳು ಸಣ್ಣ ಊರುಗಳಿಗೂ ಬಂದಿವೆ. ಅವುಗಳ ಪಾದದ ಕುಚ್ಚು, ಕೆಲವದರ ಜೋತ ಕಿವಿ ಊಬಿಗೆ ಹಾಸಿಕೊಟ್ಟ ಹಾಸಿಗೆಯಂತೆ. ಆದ್ದರಿಂದ ನಾಡನಾಯಿಗೆ ಅಪಾಯ ಕಡಿಮೆ ಎಂಬುದನ್ನು ಒಪ್ಪಬಹುದು. ಏನೂ ಆಗುವುದಿಲ್ಲ ಎಂಬುದನ್ನು ಒಪ್ಪಲಾಗದು. ಬೀದಿನಾಯಿಯೊಂದು ನವೆಂಬರಿನಲ್ಲಿ ಊಬನ್ನು ಉಸಿರಿಗೆ ಎಳೆದುಕೊಂಡು, ಸಂಕ್ರಾಂತಿಯ ಹೊತ್ತಿಗೆ ಜ್ವರ ಬಂದು ಬಡಕಲಾಗಿ, ಶಿವರಾತ್ರಿಗೆ ಯಾವುದೋ ಮೋರಿಯ ಕೆಳಗೆ ಸತ್ತರೆ, ಸಾವಿನ ಕಾರಣ ಬರೆದಿಡುವವರು ಯಾರು? ಸಾಕಿದ ನಾಯಿಗೂ ಹೀಗಾಗುವುದುಂಟು. ಜ್ವರ, ಕೆಮ್ಮು, ಸೊರಗುವುದು ಕಂಡಾಗ ಉಣ್ಣಿಜ್ವರವೆಂದು ಚಿಕಿತ್ಸೆ ನಡೆಯುತ್ತದೆ. ಎರಡು ತಿಂಗಳ ಹಿಂದೆ ಏರಿಯ ಮೇಲೆ ಓಡಿ ಸೀನಿದ್ದು ಯಾರಿಗೂ ನೆನಪಿರುವುದಿಲ್ಲ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇಷ್ಟು ಅಂತರವಿರುವ ಕಾಯಿಲೆ ಎಣಿಕೆಗೆ ಸಿಗದೆ ಹೋಗುತ್ತದೆ. ಎಣಿಕೆಗೆ ಸಿಗಲಿಲ್ಲವೆಂದ ಮಾತ್ರಕ್ಕೆ ಕಾಯಿಲೆಯೇ ಇಲ್ಲವೆನ್ನಲಾಗದು.

ಹಾಗಾದರೆ ಮಾಡಬೇಕಾದದ್ದು ಏನು? ಊಬು ಒಳಹೊಕ್ಕ ಮೇಲೆ ಕಾಲ ನಮ್ಮ ಕಡೆಗಿಲ್ಲ, ಹೊಗುವ ಮೊದಲು ಇದೆ. ಆದ್ದರಿಂದ ಮುಖ್ಯವಾದ ಕೆಲಸ ಹುಲ್ಲನ್ನು ಸಕಾಲದಲ್ಲಿ ಕೊಯ್ಯುವುದು. ಮಂಡ್ಯ ಸೀಮೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಗೌರಿಗಣೇಶನ ಹಬ್ಬಕ್ಕೆ ಗರಿಕೆ ಕೀಳಲು ಹೋದಾಗ ಈ ಹುಲ್ಲು ಇನ್ನೂ ಎಳೆಯದಾಗಿ, ಮೃದುವಾಗಿ ಇರುತ್ತದೆ. ಹಸ್ತ, ಚಿತ್ತೆ ಮಳೆಗಳ ಹೊತ್ತಿಗೆ ತೆನೆ ಹೊರಡುತ್ತದೆ. ಸ್ವಾತಿ, ವಿಶಾಖೆ ಮುಗಿಯುವಾಗ ಒಣಗಿ ಊಬು ಉದುರಲು ಸಿದ್ಧವಾಗುತ್ತದೆ. ಮಳೆ ಹಿಂದುಮುಂದಾದ ವರ್ಷ ಇದೂ ವಾರ ಎರಡು ವಾರ ಸರಿಯಬಹುದು, ಆದ್ದರಿಂದ ಪಂಚಾಂಗಕ್ಕಿಂತ ತೆನೆಯನ್ನೇ ನೋಡುವುದು ಮೇಲು. ಗಣೇಶನ ಹಬ್ಬಕ್ಕೂ ಆಯುಧಪೂಜೆಗೂ ನಡುವೆ ಒಮ್ಮೆ, ಚಿಗುರಿ ಮತ್ತೆ ತೆನೆ ಕಟ್ಟುವ ಸೂಚನೆ ಕಂಡರೆ ದೀಪಾವಳಿಗೆ ಮುಂಚೆ ಇನ್ನೊಮ್ಮೆ ಕುಡುಗೋಲು ಆಡಿಸಿದರೆ ಆ ವರ್ಷದ ಊಬು ಹುಟ್ಟುವುದೇ ಇಲ್ಲ. ನಮ್ಮಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಹುಲ್ಲು ಒಣಗಿ ಅಸಹ್ಯವಾಗಿ ಕಂಡ ಮೇಲೆ, ಡಿಸೆಂಬರಿನಲ್ಲಿ, ಬ್ರಷ್ ಕಟರ್ ತಂದು ಸವರುತ್ತಾರೆ. ಆ ಯಂತ್ರ ಮಾಗಿದ ಊಬನ್ನು ಸುತ್ತ ಹತ್ತು ಅಡಿ ಚಿಮುಕಿಸುತ್ತದೆ. ನಿಂತ ತೆನೆಯಲ್ಲಿದ್ದದ್ದು ನೆಲಕ್ಕೆ, ಅಂದರೆ ನಾಯಿಯ ಪಾದದ ಮಟ್ಟಕ್ಕೆ ಬರುತ್ತದೆ. ತಡವಾಗಿ ಕೊಯ್ಯಲೇಬೇಕಾದರೆ ಇಬ್ಬನಿಯ ತೇವವಿರುವಾಗ ಕುಡುಗೋಲಿನಿಂದ ಹಿಡಿ ಹಿಡಿಯಾಗಿ ಕೊಯ್ದು, ಕಂತೆ ಕಟ್ಟಿ ಹೊರಗೆ ಸಾಗಿಸಿ, ನೆಲವನ್ನು ಬಲವಾಗಿ ಗುಡಿಸಬೇಕು.

ಹುಲ್ಲು ದನದ ಬಾಯಿಗೆ ಹೋಗಬೇಕಾದ ಮೇವು, ನಾಯಿಗಾಗಿ ಅದನ್ನು ಎಳೆಯದರಲ್ಲೇ ಕೊಯ್ಯುವುದು ದಂಡವಲ್ಲವೇ ಎಂದು ರೈತರು ಕೇಳಬಹುದು. ಇಲ್ಲಿ ದನದ ಹಿತವೂ ನಾಯಿಯ ಹಿತವೂ ಒಂದೇ ಕಡೆಗಿವೆ. ಊಬಿನ ಹುಲ್ಲು ಎಳೆಯದಾಗಿದ್ದಾಗ ಒಳ್ಳೆಯ ಮೇವು. ತೆನೆ ಮಾಗಿದ ಮೇಲೆ ಸತ್ವ ಇಳಿದು ನಾರಾಗುತ್ತದೆ, ಊಬು ದನದ ವಸಡಿಗೂ ನಾಲಗೆಗೂ ಚುಚ್ಚುತ್ತದೆ. ಹೂ ಬಿಡುವ ಮುನ್ನ ಕೊಯ್ದರೆ ಹಸುವಿಗೆ ಹೆಚ್ಚು ದಕ್ಕುತ್ತದೆ. ಮೂರು ಬಾಲದ ಊಬು ಬಿಡುವ ಹಂಚಿಕಡ್ಡಿಯನ್ನು ಪೊರಕೆಗಾಗಿ ಬೆಳೆಯಬಿಡಬೇಕಾಗುತ್ತದೆ ಎಂಬುದೂ ನಿಜ. ಅದು ದಿಣ್ಣೆಯಲ್ಲಿ ಬೆಳೆಯಲಿ, ಊಬು ಬಡಿಯುವ ಕೆಲಸ ಮಾತ್ರ ನಾಯಿ ಮಲಗುವ ಅಂಗಳದಿಂದ ದೂರ ನಡೆಯಲಿ. ರಾಟವಾಳ, ಗೀಜಗಗಳಿಗೆ ಹುಲ್ಲು ಬೇಕು ಎಂಬ ಮಾತು ನನಗೆ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಾಗಿ ಊರೇ ಜಾಗ ಬಿಟ್ಟುಕೊಟ್ಟ ಜಿಲ್ಲೆ ಇದು. ಆದರೆ ಇಲ್ಲಿ ಕೇಳುತ್ತಿರುವುದು ಗೋಮಾಳವನ್ನೆಲ್ಲ ಬೋಳಿಸಬೇಕೆಂದಲ್ಲ. ಮನೆಯಂಗಳ, ದಿನವೂ ನಡೆಯುವ ದಾರಿಯ ಎರಡೂ ಮಗ್ಗುಲಿನ ಒಂದೊಂದು ಮಾರು, ಮನೆಗೆ ಅಂಟಿದ ಸೈಟು, ಇಷ್ಟು ಸಾಕು. ಅಂಗಳದಲ್ಲಿ ಹಸಿರು ಬೇಕೆನ್ನುವವರು ಗರಿಕೆಯನ್ನೇ ಹಬ್ಬಿಸಿ ಗಿಡ್ಡವಾಗಿ ಇಟ್ಟುಕೊಳ್ಳಬಹುದು, ಗರಿಕೆಗೆ ಊಬಿಲ್ಲ.

ಬೆಂಕಿ ಇಡುವುದು ಸುಲಭದ ದಾರಿಯಂತೆ ಕಾಣುತ್ತದೆ. ಅದು ಎರಡು ಬಗೆಯಲ್ಲಿ ತಪ್ಪು. ಮಣ್ಣಿನೊಳಗೆ ಕೊರೆದು ಕೂತ ಬೀಜಕ್ಕೆ ಮೇಲಿನ ಬೆಂಕಿ ತಟ್ಟುವುದಿಲ್ಲ, ಪಕ್ಕದ ಬೇರೆ ಗಿಡಗಳು ಸುಟ್ಟುಹೋದ್ದರಿಂದ ಮುಂದಿನ ಮಳೆಗೆ ಊಬಿನ ಹುಲ್ಲೇ ಇನ್ನೂ ಒತ್ತಾಗಿ ಏಳುತ್ತದೆ. ಹವಾಯಿ ದ್ವೀಪಗಳಲ್ಲಿ ಮನೆಯ ಸೂರಿಗೆ ಇದೇ ಹುಲ್ಲು ಹೊದಿಸುತ್ತಿದ್ದ ಜನ, ಅದು ಚೆನ್ನಾಗಿ ಬೆಳೆಯಲೆಂದೇ ಬೆಂಕಿ ಹಾಕುತ್ತಿದ್ದರು. ಜೊತೆಗೆ, ಮುತ್ತತ್ತಿಯ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮದ ಭಾಗ. ಒಣಹುಲ್ಲಿಗೆ ಹತ್ತಿದ ಕಿಡಿ ಎಲ್ಲಿಗೆ ಮುಟ್ಟಬಹುದೆಂಬುದನ್ನು 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ನಾಡೇ ಕಂಡಿದೆ. ಕಳೆನಾಶಕವೂ ಪರಿಹಾರವಲ್ಲ. ತೆನೆ ಬಿಟ್ಟ ಮೇಲೆ ಸಿಂಪಡಿಸಿದರೆ ಹುಲ್ಲು ನಿಂತಲ್ಲೇ ಒಣಗಿ ಊಬು ಹಾಗೇ ಉಳಿಯುತ್ತದೆ, ಪ್ಯಾರಾಕ್ವಾಟ್‌ನಂಥ ವಿಷವನ್ನು ನೆಕ್ಕಿದ ನಾಯಿಗೆ ಮದ್ದೇ ಇಲ್ಲ.

ಖಾಲಿ ಸೈಟುಗಳ ಪ್ರಶ್ನೆ ಒಬ್ಬೊಬ್ಬರ ಕೈಮೀರಿದ್ದು. ಮಾಲೀಕರು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುತ್ತಾರೆ, ಸೈಟು ಇಲ್ಲಿ ಕಾಡಾಗುತ್ತದೆ. ದೂರು ಬಂದಾಗ ಪುರಸಭೆಯವರು ಕೀಳಿಸುವುದು ಸಾಮಾನ್ಯವಾಗಿ ಕಾಂಗ್ರೆಸ್ ಗಿಡವನ್ನು, ಅಲರ್ಜಿಯ ಹೆಸರು ಅದಕ್ಕೆ ಅಂಟಿದೆಯಲ್ಲ. ಪಕ್ಕದ ಊಬಿನ ಹುಲ್ಲು ಬರಿ ಹುಲ್ಲೆಂದು ಉಳಿದುಬಿಡುತ್ತದೆ. ಹಾವು, ಸೊಳ್ಳೆ, ಬೆಂಕಿಯ ಭಯ ಮೊದಲೇ ಇರುವ ಈ ಸೈಟುಗಳನ್ನು ಶುಚಿಗೊಳಿಸಲು ಮಾಲೀಕರಿಗೆ ನೋಟಿಸ್ ಕೊಡುವುದು ಸ್ಥಳೀಯ ಸಂಸ್ಥೆಗಳು ಈಗಲೂ ಮಾಡುವ ಕೆಲಸ. ಬದಲಾಗಬೇಕಾದದ್ದು ತಿಂಗಳು ಮಾತ್ರ. ಡಿಸೆಂಬರಿನಲ್ಲಿ ಹೋಗುವ ನೋಟಿಸು ಸೆಪ್ಟೆಂಬರಿನಲ್ಲಿ ಹೋದರೆ ಅದೇ ಖರ್ಚಿನಲ್ಲಿ ಊಬೂ ತಪ್ಪುತ್ತದೆ. ಮಳವಳ್ಳಿ, ಮದ್ದೂರು, ಮಂಡ್ಯದ ಬಡಾವಣೆಗಳ ನಿವಾಸಿಗಳು ಮನವಿ ಕೊಡುವಾಗ ಈ ಒಂದು ಸಾಲನ್ನು ಸೇರಿಸುವುದು ಕಷ್ಟವೇನಲ್ಲ.

ಹುಲ್ಲು ಕೊಯ್ಯಲಾಗದ ಕಡೆ ಉಳಿಯುವ ಉಪಾಯ ಕೈಯಿಂದ ತಡಕುವುದು. ನಾಯಿಯನ್ನು ಮನೆಯಲ್ಲೇ ಕಟ್ಟಿಹಾಕಿದರೆ ಊಬಿನ ಕಾಟವಿಲ್ಲ ಎನ್ನುವವರಿದ್ದಾರೆ. ಮೂರು ತಿಂಗಳು ಸರಪಳಿಯಲ್ಲಿ ಕಳೆಯುವುದು ನಾಯಿಗೆ ಊಬಿಗಿಂತ ಕಡಿಮೆಯ ಹಿಂಸೆಯಲ್ಲ, ಆ ಸಲಹೆಯನ್ನು ನಾನು ಒಪ್ಪಲಾರೆ. ಮಾಗಿಯಲ್ಲಿ ದಾರಿ ಬದಲಿಸಬಹುದು. ಏರಿಯ ಇಳಿಜಾರು ಬಿಟ್ಟು ಮೇಲಿನ ಗಾಡಿದಾರಿಯ ನಡುಭಾಗದಲ್ಲಿ, ಕೊಯ್ಲಾದ ಗದ್ದೆಯ ಬಯಲಿನಲ್ಲಿ, ಡಾಂಬರು ರಸ್ತೆಯ ಮೇಲೆ ನಡೆಸಬಹುದು. ಹುಲ್ಲಿನ ಮಧ್ಯೆ ಚೆಂಡೆಸೆದು ಓಡಿಸುವುದನ್ನು ಯುಗಾದಿಯವರೆಗೆ ನಿಲ್ಲಿಸಬಹುದು. ಮುಖಕ್ಕೆ ಹಾಕುವ ಬಲೆಗವಸು, ಪಾದಕ್ಕೆ ಬೂಟು ಮೊದಲಾದವು ಮಾರಾಟಕ್ಕಿವೆ. ನಮ್ಮ ಬಿಸಿಲಿಗೆ, ನಮ್ಮ ಜೇಬಿಗೆ ಅವು ಎಲ್ಲರಿಗೂ ಒಗ್ಗುವಂಥವಲ್ಲ. ಪಾದದ ಬೆರಳಸಂದಿನ ಮತ್ತು ಕಿವಿಯ ಅಂಚಿನ ಕೂದಲನ್ನು ಅಕ್ಟೋಬರಿನಲ್ಲೇ ಕತ್ತರಿಸಿಬಿಡುವುದು ಅವುಗಳಿಗಿಂತ ಹೆಚ್ಚು ಉಪಯೋಗದ್ದು. ಮನೆಗೆ ಬಂದ ಕೂಡಲೇ, ಕಾಫಿಗೆ ಕೂರುವ ಮುನ್ನ, ಬೆಳಕಿರುವ ಕಡೆ ನಾಯಿಯನ್ನು ಮಲಗಿಸಿ ಒಂದೊಂದು ಪಾದವನ್ನೂ ಎತ್ತಿ ಬೆರಳುಗಳನ್ನು ಬಿಡಿಸಿ ನೋಡಬೇಕು. ಆಮೇಲೆ ಕಿವಿಯ ಒಳಮಗ್ಗುಲು, ಕಣ್ಣಿನ ಅಂಚು, ತುಟಿ ಮತ್ತು ವಸಡು, ಕಂಕುಳು, ತೊಡೆಸಂದು, ಬಾಲದ ಬುಡ. ಕಣ್ಣಿಗಿಂತ ಬೆರಳ ತುದಿ ಚುರುಕು. ಕೂದಲಿನ ಎದುರುಮುಖವಾಗಿ ಕೈಯಾಡಿಸಿದರೆ ಚುಚ್ಚಿದ ಊಬು ತಡೆಯುತ್ತದೆ. ಉತ್ತರಾಣಿ, ಅಂಟುಪುರಲೆಯ ತೆನೆಗಳೂ ಸಿಗುತ್ತವೆ. ಅವು ಹೆಚ್ಚಾಗಿ ಮೇಲೇ ಅಂಟಿರುತ್ತವೆ, ಆದರೂ ನಾಯಿ ಬಾಯಿಂದ ಕಿತ್ತುಕೊಳ್ಳಲು ಹೋಗಿ ನಾಲಗೆ ಹುಣ್ಣಾಗುತ್ತದೆ. ಐದು ನಿಮಿಷದ ಕೆಲಸವಿದು. ಬೀದಿನಾಯಿಗೆ ದಿನವೂ ಅನ್ನ ಹಾಕುವವರು, ಅದು ಮುಟ್ಟಗೊಡುವ ಸ್ವಭಾವದ್ದಾದರೆ, ಪಾದವನ್ನಾದರೂ ನೋಡಬಹುದು.

ಊಬಿನ ಬಾಲ ಹೊರಗೆ ಕಾಣುತ್ತಿದ್ದರೆ ಚರ್ಮಕ್ಕೆ ತಾಗುವಷ್ಟು ಬುಡದಲ್ಲಿ ಚಿಮಟ ಹಿಡಿದು, ಹೊಕ್ಕ ದಾರಿಯಲ್ಲೇ ನೇರವಾಗಿ, ನಿಧಾನವಾಗಿ ಹೊರಕ್ಕೆ ಎಳೆಯಬೇಕು. ತೆಗೆದದ್ದರ ತುದಿಯಲ್ಲಿ ಮೊನೆ ಇದೆಯೇ ನೋಡಬೇಕು. ಇಲ್ಲದಿದ್ದರೆ ಅರ್ಧ ಒಳಗಿದೆಯೆಂದೇ ಅರ್ಥ. ಬಾಲ ಕಾಣದಿದ್ದರೆ ಹಿಸುಕಬಾರದು, ಪಿನ್ನಿನಿಂದ ಕೆದಕಬಾರದು, ಸುಣ್ಣ ಹಚ್ಚಬಾರದು. ಕಿವಿ, ಕಣ್ಣು, ಮೂಗಿನ ವಿಷಯದಲ್ಲಂತೂ ಮನೆಯಲ್ಲಿ ಕೈಹಾಕಲೇಬಾರದು. ಅಂದೇ ಪಶುವೈದ್ಯರ ಬಳಿ ಹೋಗಬೇಕು. ಅಲ್ಲಿ ಹೇಳಬೇಕಾದ ಮೊದಲ ಮಾತು ಸೀನು, ಕುಂಟು, ಜ್ವರದ ಬಗ್ಗೆಯಲ್ಲ. ಹುಲ್ಲಿನಲ್ಲಿ ಓಡಾಡಿ ಬಂದಿದೆ, ಊಬು ಹೊಕ್ಕಿರಬಹುದು ಎಂಬುದು. ದಿನಕ್ಕೆ ಹತ್ತಾರು ಹಸು, ಕುರಿಗಳನ್ನು ನೋಡುವ ವೈದ್ಯರಿಗೆ ಆ ಒಂದು ವಾಕ್ಯದಿಂದ ಹುಡುಕುವ ದಿಕ್ಕು ಸಿಗುತ್ತದೆ. ಮಂಪರು ಬರುವ ಇಂಜೆಕ್ಷನ್ ಕೊಟ್ಟು ಕಿವಿ ನೋಡಬೇಕೆಂದು ಅವರು ಹೇಳಿದರೆ ಹಿಂಜರಿಯಬಾರದು, ಎಚ್ಚರದ ನಾಯಿಯ ಆಳದ ಕಿವಿಯಿಂದ ಊಬು ತೆಗೆಯುವುದು ಬಹುಮಟ್ಟಿಗೆ ಆಗದ ಕೆಲಸ. ಗಾಯ ಎರಡನೆಯ ಸಲ ಮರುಕಳಿಸಿದರೆ ಮೂರನೆಯ ಕೋರ್ಸ್ ಮಾತ್ರೆಗೆ ಕಾಯದೆ ಸ್ಕ್ಯಾನ್ ಸೌಲಭ್ಯವಿರುವ ಕಡೆಗೆ ಚೀಟಿ ಕೇಳಬೇಕು. 1958ರಿಂದ ಇರುವ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಮಳವಳ್ಳಿಯಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ.

ಈ ಹುಲ್ಲು ಬಹುವಾರ್ಷಿಕ. ಈ ಸಲ ಕೊಯ್ದರೂ ಬುಡ ಬದುಕಿರುತ್ತದೆ, ಹಿಂದಿನ ವರ್ಷಗಳ ಬೀಜ ಮಣ್ಣಿನಲ್ಲಿ ಕಾದಿರುತ್ತದೆ. ಏಪ್ರಿಲ್ ಕೊನೆಗೆ ಭರಣಿ ಮಳೆ ಬಿದ್ದು ಅಂಗಳದ ನೆಲ ಮೆತ್ತಗಾದಾಗ ಹಳೆಯ ಬುಡಗಳಿಂದ ಚಿಗುರು, ಅವುಗಳ ಸುತ್ತ ಹೊಸ ಸಸಿ ಏಳುತ್ತವೆ. ಆ ಒಂದೆರಡು ವಾರ ಗುದ್ದಲಿಯಿಂದ ಬುಡ ಮೀಟಿದರೆ ಬೇರುಸಮೇತ ಬರುತ್ತದೆ, ಸಸಿಗಳಂತೂ ಕೈಯಲ್ಲೇ ಕಿತ್ತು ಬರುತ್ತವೆ. ಕಿತ್ತ ಜಾಗಕ್ಕೆ ಗರಿಕೆಯ ತುಂಡುಗಳನ್ನು ಊರಿ ಎರಡು ದಿನ ನೀರು ಹಾಕಿದರೆ ಮುಂಗಾರು ಮುಗಿಯುವುದರೊಳಗೆ ಅದು ಹಬ್ಬಿಕೊಳ್ಳುತ್ತದೆ.